ಮಂಗೋಲರನ್ನು ದಂಡೆತ್ತಿಸಿದ್ದು ಬರ ಅಲ್ಲ

"ಭೀಕರ ಬರ ಬಂತು, ಹುಲ್ಲು ಒಣಗಿತು, ಹೊಟ್ಟೆಗಿಲ್ಲದೆ ಮಂಗೋಲರು ಜಗತ್ತಿನ ಮೇಲೆ ಮುಗಿಬಿದ್ದರು, ಕೊನೆಗೆ ಚಳಿ ಅವರನ್ನು ಮುಗಿಸಿತು" ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಮೊದಲರ್ಧ ಪೂರ್ತಿ ಉಲ್ಟಾ.

ಮಧ್ಯ ಮಂಗೋಲಿಯಾದ ಖೋರ್ಗೊದಲ್ಲಿ ಹಳೇ ಲಾವಾ ಬಂಡೆಗಳ ನಡುವೆ ಸೈಬೀರಿಯನ್ ಪೈನ್ ಮರಗಳಿವೆ. ಮಣ್ಣು ತೀರಾ ಕಮ್ಮಿ, ಹಾಗಾಗಿ ಮಳೆ ಕೈಕೊಟ್ಟ ವರ್ಷ ಕಾಂಡದ ಉಂಗುರ ತೆಳ್ಳಗೆ, ಚೆನ್ನಾಗಿ ಬಂದ ವರ್ಷ ದಪ್ಪ. ಸತ್ತ ಮರಗಳೂ ಅಲ್ಲಿ ಶತಮಾನಗಟ್ಟಲೆ ಕೊಳೆಯದೆ ಉಳಿದಿವೆ. ಆ ಉಂಗುರಗಳನ್ನು ಓದಿದ 2014ರ ಅಧ್ಯಯನದ ಪ್ರಕಾರ 1211ರಿಂದ 1225ರವರೆಗೆ, ಅಂದರೆ ಚೆಂಗಿಸ್ ಖಾನ್ ಉತ್ತರ ಚೀನಾಕ್ಕೂ ಮಧ್ಯ ಏಷ್ಯಾಕ್ಕೂ ನುಗ್ಗಿದ ಹೊತ್ತಿನಲ್ಲೇ, ಸತತ 15 ವರ್ಷ ಅಲ್ಲಿ ತೇವ ಜಾಸ್ತಿ ಇತ್ತು. ಒಬ್ಬೊಬ್ಬ ಸವಾರನಿಗೂ ಹಲವು ಕುದುರೆ ಬೇಕಿದ್ದ ಸೈನ್ಯಕ್ಕೆ ಹುಲ್ಲೇ ಪೆಟ್ರೋಲ್, ಅಲ್ವಾ? ಬರವೂ ಇತ್ತು, ಆದರೆ ಅದಕ್ಕೂ ಮುಂಚೆ, 1180–90ರ ದಶಕಗಳಲ್ಲಿ, ಬುಡಕಟ್ಟುಗಳು ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದಾಗ.

ಹಾಗಂತ ಮಳೆಯೇ ಸಾಮ್ರಾಜ್ಯ ಕಟ್ಟಿತು ಅಂತ ಇನ್ನೊಂದು ಫಾರ್ವರ್ಡ್ ಮಾಡಬೇಡಿ! ತೆಮುಜಿನ್ ಎಲ್ಲರನ್ನೂ ಒಂದು ಮಾಡಿ ಚೆಂಗಿಸ್ ಖಾನ್ ಆಗಿದ್ದು 1206ರಲ್ಲಿ, ಆ ಹಸಿರು ವರ್ಷಗಳು ಶುರುವಾಗೋ ಮುಂಚೆ.

ಇನ್ನು ಚಳಿಯ ಮಾತು. ಇರಾನನ್ನು ಆಳುತ್ತಿದ್ದ ಮಂಗೋಲ್ ವಂಶದವರಾದ ಇಲ್‌ಖಾನರ ರಾಜ್ಯ ಒಡೆದದ್ದು 1335ರಲ್ಲಿ ಅವರ ದೊರೆ ಅಬು ಸಯೀದ್ ವಾರಸುದಾರನಿಲ್ಲದೆ ಸತ್ತ ಮೇಲೆ. ಅದಕ್ಕೂ ಚಳಿಗೂ ಏನು ಸಂಬಂಧ? ಮಂಗೋಲರೇ ಆಳುತ್ತಿದ್ದ ಚೀನಾದಲ್ಲಿ ಮಾತ್ರ ಹವಾಮಾನದ ಪಾಲು ಕಾಣುತ್ತದೆ: 1344ರಲ್ಲಿ ಹಳದಿ ನದಿ ದಂಡೆ ಒಡೆಯಿತು, 1351ರಲ್ಲಿ ಅದನ್ನು ಸರಿಮಾಡೋ ಕೆಲಸಕ್ಕೆ ಜನರನ್ನು ಬಲವಂತವಾಗಿ ದುಡಿಸಿದಾಗ ದಂಗೆ ಎದ್ದಿತು, 1368ರಲ್ಲಿ ಮಂಗೋಲರು ರಾಜಧಾನಿ ಬಿಟ್ಟು ಓಡಿದರು.