ದವಾಖಾನಿ ಮುಟ್ಟೂತನಕ

ನಾನು ಮಿಲಿಟ್ರಿಯಾಗ ಇದ್ದೆ ಅಂತ ಯಾರಿಗರ ಗೊತ್ತಾದ್ರ ಮೊದಲನೇ ಪ್ರಶ್ನೆ ಯಾವಾಗ್ಲೂ ಒಂದ, "ಎಷ್ಟ್ ಮಂದೀನ ಹೊಡದೀರಿ?" ಸಣ್ಣ ಹುಡುಗ್ರು ಕೇಳಿದ್ರ ಇರ್ಲಿ ಬಿಡು ಅನಬಹುದು, ದೊಡ್ಡವರೂ ಕೇಳ್ತಾರ. ನಾನು ಆರ್ಮಿ ಮೆಡಿಕಲ್ ಕೋರ್‌ನಾಗ ನರ್ಸಿಂಗ್ ಅಸಿಸ್ಟೆಂಟ್ ಇದ್ದೆ, ಹೊಡ್ಯೂದು ನಮ್ಮ ಕೆಲಸ ಅಲ್ಲ ಅಂದ್ರ ಕೇಳಿದವರ ಹುರುಪು ಅಲ್ಲೇ ಇಳದು ಹೋಗ್ತೈತಿ, "ಹಂಗಾರ ದವಾಖಾನಿ ಕೆಲಸ ಅನ್ರಿ" ಅಂತಾರ. ಹೌದು, ದವಾಖಾನಿ ಕೆಲಸನ, ಆದ್ರ ದವಾಖಾನಿ ಇನ್ನೂ ದೂರ ಇದ್ದಾಗ ಮಾಡೂ ಕೆಲಸ. ಹೋದ ವಾರ ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದಾಗ ಹಾವು ಕಡದು ಮತ್ತೊಂದು ಜೀವ ಹೋತು, ಎರಡು ತಾಸು ಕಾಲಿಗೆ ಹಗ್ಗ ಬಿಗದು ಮಂತ್ರ ಹಾಕಸ್ಕೋತ ಕುಂತಿದ್ರಂತ. ಅವತ್ತಿಂದ ತಲಿಯಾಗ ಇದ ಕೊರೀಲಿಕ್ಕತ್ತೈತಿ, ಅದಕ್ಕ ಬರೀಲಿಕ್ಕತ್ತೀನಿ, ಉದ್ದ ಆಗ್ತೈತಿ, ಓದ್ರಿ.

ನಮ್ಮ ತಾಲೂಕು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲಾದಾಗ ಬರ್ತೈತಿ, ಕಾಗದಪತ್ರ ಎಲ್ಲಾ ಮರಾಠಿ, ಮನಿ ಮಾತು ಕನ್ನಡ, ನಾನು ಕಲತದ್ದೂ ಝೆಡ್‌ಪಿ ಕನ್ನಡ ಶಾಲಿಯೊಳಗ. ಈ ಕಡೆ ಹುಡುಗ್ರು ಮಿಲಿಟ್ರಿ ಅಂದ್ರ ಬೆಳಗಾವಿಯ ಮರಾಠಾ ಲೈಟ್ ಇನ್ಫಂಟ್ರಿ ಸೆಂಟರ್ ಅಂತ ಓಡ್ತಾರ. ನಾನು ಬಾರಾವಿ (ಹನ್ನೆರಡನೇ) ಸಾಯನ್ಸ್ ಮಾಡಿದ್ದಕ್ಕ ಭರ್ತಿಯೊಳಗ ನರ್ಸಿಂಗ್ ಅಸಿಸ್ಟೆಂಟ್ ಟ್ರೇಡ್ ಸಿಕ್ತು, ಲಖನೌದ ಎಎಂಸಿ ಸೆಂಟರ್‌ಗೆ ಹ್ವಾದೆ. 1943ರ ಏಪ್ರಿಲ್ 3ಕ್ಕ ಹುಟ್ಟಿದ ಕೋರ್ ಅದು, "ಸರ್ವೇ ಸಂತು ನಿರಾಮಯಾಃ" ಅಂತ ಧ್ಯೇಯವಾಕ್ಯ. ನಮಗೂ ರೈಫಲ್ ಕೊಡ್ತಾರ, ಆದ್ರ ಜಿನೀವಾ ಒಪ್ಪಂದದ ಪ್ರಕಾರ ಮೆಡಿಕಲ್ ಮಂದಿ ತಮ್ಮನ್ನ ಮತ್ತ ತಮ್ಮ ಪೇಶಂಟನ್ನ ಕಾಯಾಕಷ್ಟ ಅದನ್ನ ಬಳಸಬೇಕು, ಗಾಯ ಆದಾಂವ ವೈರಿ ಇದ್ರೂ ಅವಗೂ ಅದ ಪಟ್ಟಿ ಅದ ಔಷಧ. ಇದನ್ನ ಊರಾಗ ಹೇಳಿದ್ರ ಕೆಲವರಿಗೆ ಸೇರೂದಿಲ್ಲ. ಸೇರಲಿ ಬಿಡಲಿ, ನಾನು ಅದರ ಬಗ್ಗೆ ಅಭಿಮಾನ ಇಟ್ಕೊಂಡಾಂವ.

ಮಂದಿ ಏನ್ ತಿಳಕೊಂಡಾರಂದ್ರ ನಮ್ಮ ಕೆಲಸ ಯುದ್ಧ ಆದಾಗ ಅಷ್ಟ ಇರ್ತೈತಿ ಅಂತ. ದಿನಾ ಮಾಡೂ ಕೆಲಸ ಬ್ಯಾರೆ ಇತ್ತು. ಮುಂಜಾನೆ ಎಂಐ ರೂಮಿನಾಗ, ಅಂದ್ರ ಯೂನಿಟ್ಟಿನ ಸಣ್ಣ ದವಾಖಾನಿಯೊಳಗ, ಆರಾಮಿಲ್ಲದವರನ್ನ ನೋಡೂ ಸಿಕ್ ರಿಪೋರ್ಟ್, ಆಮ್ಯಾಲ ನೀರಿನ ಟ್ಯಾಂಕಿಗೆ ಕ್ಲೋರಿನ್ ಹಾಕ್ಯಾರೋ ಇಲ್ಲೋ, ಅಡಿಗಿಮನಿ ಹುಡುಗರ ಉಗುರು ಹೆಂಗದಾವ, ಸೊಳ್ಳಿಪರದಾ ಕಟ್ಯಾರೋ ಇಲ್ಲೋ, ಪೆಟ್ರೋಲಿಂಗ್‌ನಿಂದ ಬಂದವರ ಕಾಲು. ಕಾಲು ಅಂದ್ರ ನಗಬ್ಯಾಡ್ರಿ, ಇನ್ಫಂಟ್ರಿಯಾಂವಗ ಕಾಲ ಎಲ್ಲಾ. ಬೂಟು ಬಿಚ್ಚಸಿ ಬೆರಳ ನಡುವ ಟಾರ್ಚ್ ಹಿಡದು ನೋಡ್ತಿದ್ವಿ, ಚರ್ಮ ಬೆಳ್ಳಗಾಗಿ ಸುಕ್ಕಾಗಿತ್ತಂದ್ರ ಒಣ ಸಾಕ್ಸ್ ಹಾಕಿಸಿ ಅವತ್ತ ಕುಂದರಸ್ತಿದ್ವಿ. ಇದನ್ನ ನಾನು ಈಗ್ಲೂ ಮಾಡ್ತೀನಿ, ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರ ದಾನಮ್ಮನ ಜಾತ್ರಿಗೆ ವಿಜಯಪುರ, ಬಾಗಲಕೋಟ ಕಡೆಯಿಂದ ನಡಕೋತ ಬರ್ತಾರಲ್ಲ, ಆ ಪಾದಯಾತ್ರಿಯವರ ಗುಳ್ಳಿ ಎದ್ದ ಕಾಲು ತೊಳದು ಪಟ್ಟಿ ಕಟ್ತೀನಿ. ಗುಳ್ಳಿ ಮ್ಯಾಲಿನ ಚರ್ಮ ಕೀಳಬ್ಯಾಡ್ರಿ, ಅದ ಒಳಗಿನ ಗಾಯಕ್ಕ ಮುಚ್ಚಳ ಇದ್ದಂಗ ಅಂತ ಎಷ್ಟು ಸಲ ಹೇಳಿದ್ರೂ ಕಿತ್ತಕೊಂಡ ಬಂದಿರ್ತಾರ.

ಲಡಾಖ್‌ನಾಗ ಇದ್ದಾಗ ತೆಳು ಗಾಳಿನ ವೈರಿ. ಮ್ಯಾಲ ಹೋಗೂ ಮುಂಚೆ ದೇಹಕ್ಕ ರೂಢಿ ಮಾಡಸ್ತಾರ, 9,000 ಫೂಟಿಂದ 12,000ದ ತನಕ 6 ದಿನ, 15,000ದ ತನಕ ಮತ್ತ 4 ದಿನ, ಅದರ ಮ್ಯಾಲ ಮತ್ತ 4 ದಿನ. ಇಷ್ಟ ಮಾಡಿದ್ರೂ ಒಬ್ಬಾವ್ನ ಪುಪ್ಪುಸದಾಗ ರಾತ್ರಿ ನೀರು ತುಂಬಾಕ ಶುರು ಆಗಬಹುದು, ಅದಕ್ಕ ಹೇಪ್ ಅಂತಾರ. ಜ್ವರ ಹೆಚ್ಚು ಇರೂದಿಲ್ಲ, ಮೊದಲು ಒಣ ಕೆಮ್ಮು, ಬೂಟಿನ ಲೇಸ್ ಕಟ್ಟಿದ್ರೂ ತೇಕು ಹತ್ತತೈತಿ, ಆಮ್ಯಾಲ ಉಗುಳಿನಾಗ ಗುಲಾಬಿ ಬಣ್ಣದ ನೊರಿ. ಜವಾನ್ರು ಹೇಳೂದಿಲ್ಲ, ಹೇಳಿದ್ರ ಹೇಡಿ ಅಂತಾರ ಅಂತ ಮುಚ್ಚಿಡ್ತಾರ, ಅದಕ್ಕ ನಾವು ರಾತ್ರಿ ಬಂಕರ್‌ನಾಗ ಕೆಮ್ಮು ಯಾವ ಕಡೆಯಿಂದ ಬರ್ತೈತಿ ಅಂತ ಕಿವಿ ಕೊಟ್ಟು ಮಲಗ್ತಿದ್ವಿ. ಆಕ್ಸಿಜನ್ ಕೊಡೂದು, ಹೇಪೋ ಬ್ಯಾಗ್ ಅಂತ ಇರ್ತೈತಿ ಅದರಾಗ ಮಲಗಿಸಿ ಗಾಳಿ ಒತ್ತಿ ಒತ್ತಡ ಏರಿಸೂದು, ಆದ್ರ ಖರೇ ಔಷಧ ಅಂದ್ರ ಕೆಳಗ ಇಳಸೂದು. ಬೆಳಕು ಹರದು ಚೀತಾ ಹೆಲಿಕಾಪ್ಟರ್ ಬರೂತನಕ ಆ ಬ್ಯಾಗಿನ ಪಂಪ್ ತುಳಕೋತ ಇರಬೇಕು, ಕಾಲು ಸೋತ್ರ ಮತ್ತೊಬ್ಬಾಂವ ತುಳೀತಾನ, ನಿಲ್ಲಂಗಿಲ್ಲ.

1999ರ ಬ್ಯಾಸಿಗಿಯೊಳಗ ನಾನು ಕಾರ್ಗಿಲ್ ಸೆಕ್ಟರ್‌ನಾಗ ಇದ್ದೆ. ಸರಕಾರದ ಲೆಕ್ಕದಾಗ 527 ಮಂದಿ ಹುತಾತ್ಮರಾದ್ರು ಅನ್ನೂದು ಎಲ್ಲಾರಿಗೂ ಗೊತ್ತೈತಿ, ಪ್ರತಿ ಜುಲೈ 26ಕ್ಕ ಸ್ಟೇಟಸ್ ಹಾಕ್ತೀರಿ. ಗಾಯ ಆಗಿ ಬಂದವರು 1,363 ಮಂದಿ, ಇದನ್ನ ಯಾರೂ ಹೇಳೂದಿಲ್ಲ. ಅಷ್ಟು ಕಡಿದಾದ ಗುಡ್ಡದಿಂದ ಅವರನ್ನ ಕೆಳಗ ತಂದದ್ದು ಹೆಂಗ ಅಂತ ಒಮ್ಮೆ ವಿಚಾರ ಮಾಡ್ರಿ. ಮೊದಲು ಜತೆಗಾರ ತನ್ನ ಕಿಸೆದಾಗಿನ ಫೀಲ್ಡ್ ಡ್ರೆಸ್ಸಿಂಗ್ ಒತ್ತತಾನ, ಅದು ಪ್ರತಿಯೊಬ್ಬ ಜವಾನನ ಹತ್ತಿರ ಇರ್ತೈತಿ, ಆಮ್ಯಾಲ ನಾಲ್ಕು ಮಂದಿ ಸ್ಟ್ರೆಚರ್ ಹಿಡದು ಕತ್ತಲದಾಗ ಕಲ್ಲಿನ ಮ್ಯಾಲ ಕುಂತಕೋತ ಜಾರಕೋತ ರೆಜಿಮೆಂಟಲ್ ಏಡ್ ಪೋಸ್ಟ್‌ಗೆ, ಅಲ್ಲಿಂದ ಅಡ್ವಾನ್ಸ್ ಡ್ರೆಸ್ಸಿಂಗ್ ಸ್ಟೇಶನ್, ಅಲ್ಲಿಂದ ಫೀಲ್ಡ್ ಹಾಸ್ಪಿಟಲ್, ಆಮ್ಯಾಲ ಶ್ರೀನಗರದ 92 ಬೇಸ್ ಹಾಸ್ಪಿಟಲ್. ಇಷ್ಟೂ ಕೈ ದಾಟಬೇಕು, ಒಂದು ಕೈ ಸಡಲಾದ್ರ ಮುಂದಿನ ಸರ್ಜನ್ ಎಷ್ಟ ಶಾಣ್ಯಾ ಇದ್ರೂ ಏನೂ ಮಾಡಾಕ ಆಗೂದಿಲ್ಲ.

ನನಗ ಈಗ್ಲೂ ಕಣ್ಣ ಮುಂದ ಇರೂದು ಒಂದು ಹಣಿ. ತೊಡಿಗೆ ಸ್ಪ್ಲಿಂಟರ್ (ಸಿಡಿದ ಗುಂಡಿನ ಚೂರು) ಬಡದು ರಕ್ತ ಚಿಮ್ಮತಿತ್ತು, ಟೂರ್ನಿಕೆ, ಅಂದ್ರ ರಕ್ತ ನಿಲ್ಲಸೂ ಪಟ್ಟಿ, ಬಿಗದ್ವಿ, ಬಿಗದ ಟೈಮ್ ಹಣಿ ಮ್ಯಾಲ ಬರೀಬೇಕು, ಯಾಕಂದ್ರ ಮುಂದಿನ ಪೋಸ್ಟಿನಾಂವಗ ಎಷ್ಟೊತ್ತಿನಿಂದ ಕಾಲಿಗೆ ರಕ್ತ ಹೋಗಿಲ್ಲ ಅನ್ನೂದು ಗೊತ್ತಾಗಬೇಕು. ಬೆವರು, ಮಣ್ಣು, ಪೆನ್ನು ಹತ್ತವಲ್ದು. ತೋಳಿನಿಂದ ಹಣಿ ಒರಸಿ ಒರಸಿ ಬರದೆ, ಆ ಹುಡುಗ ಅಷ್ಟ ನೋವಿನಾಗ "ಏನ್ ಬರೀತೀ" ಅಂತ ಹಿಂದಿಯೊಳಗ ಕೇಳಿದ. ಟೈಮ್ ಅಂದೆ. ಗಡಿಯಾರ ನೋಡಿ ಸರಿಯಾಗಿ ಬರಿ ಅಂದ. ಅವ್ನ ಕಾಲು ಉಳೀತು. ಹೊಟ್ಟಿಗೆ ಗುಂಡು ಬಿದ್ದವರದು ಬ್ಯಾರೆ ಸಂಕಟ, ನೀರು ನೀರು ಅಂತಾರ, ಆಪರೇಶನ್ ಮುಂದ ಇರ್ತೈತಿ, ಕುಡಸಂಗಿಲ್ಲ, ಒದ್ದಿ ಬಟ್ಟಿಯಿಂದ ತುಟಿ ಒರಸ್ಕೋತ ಕೈ ಹಿಡಕೊಂಡ ಕುಂದರಬೇಕು. ಟ್ರೇನಿಂಗ್‌ನಾಗ ಇದನ್ನ ಎರಡು ಮಾತಿನಾಗ ಹೇಳಿ ಮುಗಸ್ತಾರ, ಅಲ್ಲಿ ಕುಂತಾಗ ಆ ಹೊತ್ತು ಹೋಗೂದಿಲ್ಲ.

ನಮ್ಮ ಕೋರ್‌ನಾಗ ದೊಡ್ಡ ಹೆಸರು ಅಂದ್ರ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್, 60 ಪ್ಯಾರಾ ಫೀಲ್ಡ್ ಆಂಬುಲೆನ್ಸ್ ತಗೊಂಡು ಕೊರಿಯಾ ಯುದ್ಧಕ್ಕ ಹೋದವರು, 1951ರ ಮಾರ್ಚ್‌ನಾಗ ಅಮೆರಿಕನ್ ಪ್ಯಾರಾಟ್ರೂಪರ್‌ಗಳ ಜೋಡಿ ವಿಮಾನದಿಂದ ಹಾರಿದವರು, ಮಹಾವೀರ ಚಕ್ರ ಬಂತು. ಅದ ಯೂನಿಟ್ 2023ರಾಗ ಟರ್ಕಿ ಭೂಕಂಪಕ್ಕ ಹೋಗಿ ಫೀಲ್ಡ್ ಹಾಸ್ಪಿಟಲ್ ಹಾಕ್ತು. ಶಾಲಿ ಪಾಠದಾಗ ಇವರು ಇರಬೇಕಿತ್ತು ಅಂತ ನನಗ ಅನಸ್ತೈತಿ.

ಈಗ ಊರಿಗೆ ಬರ್ತೀನಿ. ನಮ್ಮ ಕಡೆ ಆಕ್ಸಿಡೆಂಟ್ ಆದ್ರ ಐವತ್ತು ಮಂದಿ ಸೇರ್ತಾರ, ಒಳ್ಳೆ ಮನಸ್ಸಿನಿಂದನ ಸೇರ್ತಾರ, ಅದರಾಗ ನನಗ ಅನುಮಾನ ಇಲ್ಲ. ಆದ್ರ ಎಚ್ಚರ ಇಲ್ಲದಾವ್ನ ಬಾಯಿಗೆ ನೀರು ಹಾಕ್ತಾರ, ಕುತ್ತಿಗಿ ಹಿಡದ ಎತ್ತತಾರ, ಫಿಟ್ಸ್ ಬಂದವರ ಕೈಯಾಗ ಕೀಲಿ ಇಡ್ತಾರ. ರಕ್ತ ಸುರಿಯೂ ಗಾಯದ ಮ್ಯಾಲ ಒಂದು ಅಂಗೈ ಬಲವಾಗಿ ಒತ್ತಿ ಹಿಡೀಬೇಕು ಅನ್ನೂದು ಆ ಐವತ್ತು ಮಂದ್ಯಾಗ ಒಬ್ಬರಿಗೆ ಗೊತ್ತಿದ್ರ ಸಾಕಾಗಿತ್ತು. ಹಗ್ಗದ ವಿಷಯಾನೂ ಹಂಗ ಉಲ್ಟಾ. ರಕ್ತನಾಳ ಹರದು ಜೀವ ಹೋಗೂ ಹೊತ್ತಿನಾಗ ಬಿಗ್ಯೂದನ್ನ ಯಾರೂ ಮಾಡೂದಿಲ್ಲ, ಹಾವು ಕಡದಾಗ, ಬಿಗೀಬಾರದಾಗ, ಬಿಗೀತಾರ. ಹಗ್ಗ ವಿಷ ತಡಿಯೂದಿಲ್ಲ, ಕಾಲಿಗೆ ರಕ್ತ ಹೋಗೂದನ್ನ ತಡೀತೈತಿ, ಕಾಲು ಕೊಳೀತೈತಿ. ಬ್ಲೇಡಿನಿಂದ ಕೊಯ್ಯೂದು, ಬಾಯಿಂದ ಹೀರೂದು, ಬೇರು ತಿನ್ನಸೂದು, ಒಂದೂ ಬ್ಯಾಡ.

ಕೆಲವು ವರ್ಷದ ಹಿಂದ ನಮ್ಮ ಊರ ಹತ್ತಿರ ದ್ರಾಕ್ಷಿ ತೋಟಕ್ಕ ದುಡಿಯಾಕ ಬಂದ ಕುಟುಂಬ ಶೆಡ್ಡಿನಾಗ ನೆಲದ ಮ್ಯಾಲ ಮಲಗಿತ್ತು. ನಸುಕಿನಾಗ ಹುಡುಗಗ ಹೊಟ್ಟಿನೋವು, ಗಂಟಲ ಹಿಡದಂಗ ಆಗ್ತೈತಿ ಅಂದ, ತಿಂದದ್ದು ಹೆಚ್ಚುಕಮ್ಮಿ ಆಗೈತಿ ಅಂತ ಸೋಡಾ ಕುಡಿಸಿದ್ರು. ನನ್ನ ಕರದಾಗ ಟಾರ್ಚ್ ಹಿಡದು ಮ್ಯಾಲ ನೋಡು ಅಂದೆ. ಅಂವ ಹುಬ್ಬು ಏರಿಸಿದ, ರೆಪ್ಪಿ ಏಳಲಿಲ್ಲ. ಕಟ್ಟಹಾವು, ಮರಾಠಿಯವರು ಮಣ್ಯಾರ ಅಂತಾರಲ್ಲ, ಅದರ ಕಡತ ಹಿಂಗ, ಮಲಗಿದವರನ್ನ ರಾತ್ರಿ ಕಡೀತೈತಿ, ಬಾವು ಇಲ್ಲ, ಉರಿ ಇಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣೂದಿಲ್ಲ, ವಿಷ ನರಕ್ಕ ಹತ್ತಿ ಕಡೀಕ ಉಸಿರಾಡೂ ಸ್ನಾಯು ನಿಲ್ತಾವ. ಒಂದ ಉಸಿರಿನಾಗ ಎಷ್ಟು ಎಣಸ್ತಿ ಎಣಸು ಅಂದೆ, ಹದಿನೆಂಟಕ್ಕ ನಿಂತ. ಜೀಪಿನಾಗ ಮಗ್ಗಲಕ್ಕ ಮಲಗಿಸಿ ಹೊಂಟ್ವಿ, ಮೊದಲು ಮುಟ್ಟಿದ ದವಾಖಾನಿಯೊಳಗ ಔಷಧ ಇಲ್ಲ ಮುಂದ ಒಯ್ರಿ ಅಂದ್ರು, ಅಷ್ಟರಾಗ ಎಣಿಕಿ ಏಳಕ್ಕ ಬಂದಿತ್ತು. ಮೀರಜ್ ದೂರ, ವಿಜಯಪುರ ಹತ್ತಿರ, ಗಡಿ ದಾಟಿದ್ವಿ. ದಾರಿಯೊಳಗ ಉಸಿರು ಸೋತಾಗ ನನ್ನ ಹತ್ತಿರ ಇದ್ದ ಅಂಬೂ ಬ್ಯಾಗ್, ಕೈಯಿಂದ ಒತ್ತಿ ಉಸಿರು ಕೊಡೂ ಚೀಲ, ಒತ್ತಕೋತ ಹ್ವಾದೆ. ಅಲ್ಲಿ ಡಾಕ್ಟರ್ ಯಾವ ರಾಜ್ಯ ಅಂತ ಕೇಳಲಿಲ್ಲ, ಎಎಸ್‌ವಿ ಹಚ್ಚಿದ್ರು, ವೆಂಟಿಲೇಟರ್ ಹಾಕಿದ್ರು, ಹುಡುಗ ನಡಕೊಂಡ ಮನಿಗೆ ಬಂದ.

ಎಎಸ್‌ವಿ ಅಂದ್ರ ಹಾವಿನ ವಿಷಕ್ಕ ಇರೂ ಒಂದ ಔಷಧ. ನಾಗರ, ಕಟ್ಟಹಾವು, ಕೊಳಕಮಂಡಲ, ಫುರಸೆ (ಗರಗಸ ಮಂಡಲ) ಈ ನಾಲ್ಕಕ್ಕೂ ಅದ ಇಂಜೆಕ್ಷನ್, ಹಾವು ಹೊಡದು ಚೀಲದಾಗ ತರೂ ಗರಜ ಇಲ್ಲ, ಆ ಹೊತ್ತು ಹಾಳ ಮಾಡಬ್ಯಾಡ್ರಿ. 2020ರಾಗ ಬಂದ ಒಂದು ಅಧ್ಯಯನದ ಪ್ರಕಾರ ನಮ್ಮ ದೇಶದಾಗ ವರ್ಷಕ್ಕ ಸರಾಸರಿ 58,000 ಮಂದಿ ಹಾವು ಕಡದು ಸಾಯ್ತಾರ, ಬಹಳ ಮಂದಿ ಹಳ್ಳಿಯವರು, ಮನ್ಯಾಗ ಸತ್ತವರು. ಮತ್ತೊಮ್ಮೆ ಓದ್ರಿ, ಒಂದ ವರ್ಷಕ್ಕ. ಕೇಂದ್ರ ಸರಕಾರ 2030ರೊಳಗ ಇದನ್ನ ಅರ್ಧಕ್ಕ ಇಳಸ್ತೀವಿ ಅಂತ 2024ರಾಗ ಯೋಜನಾ ತಂದೈತಿ, ಅದ ವರ್ಷ ಕರ್ನಾಟಕದಾಗ ಪ್ರತಿ ಹಾವು ಕಡತ ಸರಕಾರಕ್ಕ ವರದಿ ಮಾಡಬೇಕು ಅಂತ ಆದೇಶ ಆತು. ಒಳ್ಳೇದು. ಆದ್ರ ಯೋಜನಾ ದವಾಖಾನಿ ಬಾಗಲದ ತನಕ ಬರ್ತೈತಿ, ಶೆಡ್ಡಿನಿಂದ ಬಾಗಲದ ತನಕ ತರಾವ್ರು ನಾವ.

ಅದಕ್ಕ ನಾನು ಹೇಳೂದು ಇಷ್ಟ. ಈ ಗಡಿ ಭಾಗದಾಗ ಜತ್ತ, ಅಕ್ಕಲಕೋಟ, ಗಡಹಿಂಗ್ಲಜ ಎಲ್ಲಾ ಕಡೆ ರಿಟೈರ್ ಆದ ಫೌಜಿಗಳು ಅದಾರ, ನನ್ನಂಥ ನರ್ಸಿಂಗ್ ಅಸಿಸ್ಟೆಂಟ್‌ಗಳೂ ಅದಾರ. ಇಷ್ಟು ವರ್ಷ ಇಂಜೆಕ್ಷನ್, ಹೊಲಿಗಿ, ಸಲಾಯಿನ್, ಸ್ಟ್ರೆಚರ್ ಮಾಡಿದ ಕೈಗೆ ಹೊರಗ ಬಂದ ಮ್ಯಾಲ ಸಿಗೂದು ಸೆಕ್ಯುರಿಟಿ ಗಾರ್ಡ್ ಕೆಲಸ. ನನಗೂ ಒಂದು ಕಡೆ ಸರ್ಟಿಫಿಕೇಟ್ ನೋಡಿ "ಇದು ಇಲ್ಲಿ ನಡಿಯೂದಿಲ್ಲ, ಗೇಟಿನಾಗ ನಿಲ್ತೀರೇನು" ಅಂದ್ರು. ನಾವು ಡಾಕ್ಟರ್ ಆಗ್ತೀವಿ ಅನ್ನೂದಿಲ್ಲ, ಊರಾಗ ಬೋರ್ಡ್ ಹಾಕಿ ಸೂಜಿ ಚುಚ್ಚೂದು ತಪ್ಪು, ಹಂಗ ಯಾರೂ ಮಾಡಲೂಬಾರದು. ಗ್ರಾಮಪಂಚಾಯ್ತಿ ನಮಗ ಒಂದು ಸ್ಟ್ರೆಚರ್, ಒಂದು ಫಸ್ಟ್ ಏಡ್ ಪೆಟ್ಟಿಗಿ, ಶಾಲಿಯೊಳಗ ತಿಂಗಳಿಗೆ ಒಂದು ತಾಸು ಕೊಡ್ಲಿ, ಒಂಬತ್ತನೇ ಹತ್ತನೇ ಹುಡುಗ್ರಿಗೆ ರಕ್ತ ಒತ್ತಿ ಹಿಡಿಯೂದು, ಎಚ್ಚರ ತಪ್ಪಿದವರನ್ನ ಮಗ್ಗಲಕ್ಕ ಹೊರಳಿಸೂದು, ಎದಿ ಒತ್ತೂದು, ಹಾವು ಕಡದ ಕಾಲು ಅಲಗಾಡದಂಗ ಬಟ್ಟಿ ಕಟ್ಟಿ ಎತ್ತೂದು ಕಲಸ್ತೀವಿ. ರೊಕ್ಕ ಬ್ಯಾಡ. ಮಿಲಿಟ್ರಿಯೊಳಗ ಅಡಿಗಿ ಮಾಡಾವಗೂ ಇದು ಬರ್ತೈತಿ, ಇದರಾಗ ದೊಡ್ಡ ವಿದ್ಯಾ ಏನಿಲ್ಲ, ಕೈಗೆ ರೂಢಿ ಆಗಬೇಕು ಅಷ್ಟ.

ಮಳಿ ಶುರು ಆಗೂ ಮುಂಚೆ ಇದನ್ನ ಓದಿದವರು ಒಂದು ಕೆಲಸ ಮಾಡ್ರಿ. ನಿಮ್ಮ ಹತ್ತಿರದ ಯಾವ ದವಾಖಾನಿಯೊಳಗ ಎಎಸ್‌ವಿ ಐತಿ, ಎಲ್ಲಿ ವೆಂಟಿಲೇಟರ್ ಐತಿ, ಗಡಿ ಆ ಕಡೆ ಇರಲಿ ಈ ಕಡೆ ಇರಲಿ, ಖುದ್ದ ಹೋಗಿ ಕೇಳಿ ಬರ್ರಿ, ಊರಿನ ವಾಟ್ಸಾಪ್ ಗ್ರೂಪಿನಾಗ ಹಾಕ್ರಿ, ರಾತ್ರಿ ಗಾಡಿ ಯಾರ ಮನ್ಯಾಗ ಇರ್ತೈತಿ ಅವರ ನಂಬರನ್ನೂ ಅದರ ಕೆಳಗ ಬರೀರಿ. ಜತ್ತ ಪೂರ್ವ ಭಾಗದ ಮಾಜಿ ಸೈನಿಕರು ಯಾರರ ಜೋಡಿ ಬರ್ತೀವಿ ಅಂದ್ರ ಕಾಮೆಂಟ್ ಹಾಕ್ರಿ, ನಾನು ಶಾಲಿ ಹೆಡ್‌ಮಾಸ್ತರ ಜೋಡಿ ಮಾತಾಡೀನಿ, ಅವರು ಶನಿವಾರ ಆಗಬಹುದು ಅಂದಾರ.