ಉಪ್ಪಿನಲ್ಲೂ ಸಂಚು

ಅಯೋಡಿನ್ ಉಪ್ಪು ಅನ್ನೋದೇ ಬಹುರಾಷ್ಟ್ರೀಯ ಕಂಪನಿಗಳ ಸಂಚು ಅಂತ ಸಾಧಿಸಲು ಹೊರಟ ಪುಸ್ತಕವೊಂದು ನಮ್ಮ ನೆಂಟರ ಮನೆಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ. ಹೆಸರು ಹೇಳಲ್ಲ, ಪುಕ್ಕಟೆ ಪ್ರಚಾರ ಯಾಕೆ. ದೊಡ್ಡವ್ವ ಮೈಸೂರಿನ ಯಾವುದೋ ಮೇಳದಲ್ಲಿ ಕೊಂಡು ತಂದದ್ದು ಮಂಡ್ಯದ ನಮ್ಮ ಮನೆಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಸಾಲುಗಳ ಕೆಳಗೆ ಪೆನ್ಸಿಲ್ ಗೆರೆ ಬಿದ್ದಿತ್ತು. ಅವರ ಅಡುಗೆಮನೆಯಿಂದ ಪ್ಯಾಕೆಟ್ ಉಪ್ಪು ಆಗಲೇ ಆಚೆ ಹೋಗಿದೆ. ಮನೆಯಲ್ಲಿ ಬಸುರಿ ಸೊಸೆ ಇದ್ದಾಳೆ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಇಲ್ಲದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡೋಳು. ಆದರೂ ದೊಡ್ಡವ್ವನ ಮುಂದೆ ನನ್ನ ಮಾತು ನಡೆಯಲಿಲ್ಲ. "ಅಚ್ಚಾಕ್ಸಿ ಪುಸ್ತಕ ಮಾಡವ್ರೆ ಕಣವ್ವ, ಸುಳ್ ಬರುದ್ರೆ ಯಾರಾರಾ ಸುಮ್ಕಿರ್ತಾರಾ?" ಸರಿ, ಓದಿಯೇ ಮಾತಾಡೋಣ ಅಂತ ಪೂರ್ತಿ ಓದಿದೆ.

ಮೊದಲ ಅಧ್ಯಾಯ ಚೆನ್ನಾಗಿದೆ, ಸುಳ್ಳು ಹೇಳಲ್ಲ. 1930ರ ದಂಡಿ, ಅದೇ ವರ್ಷದ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು. ಅಳೆದು ಕೊಡುತ್ತಿದ್ದ ಕಲ್ಲುಪ್ಪಿನ ಜಾಗಕ್ಕೆ ಪ್ಯಾಕೆಟ್ ಬಂದಾಗ ಸಣ್ಣ ಉಪ್ಪಿನ ಗದ್ದೆಯವರ ಗತಿ ಏನು ಅಂತ ಲೇಖಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದರ ಮೇಲೇ ಒಂದು ಪುಸ್ತಕ ಬರೆದಿದ್ದರೆ ನಾನೇ ಹತ್ತು ಪ್ರತಿ ಕೊಂಡು ಹಂಚುತ್ತಿದ್ದೆ. ಆದರೆ ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಉಪ್ಪಿನ ಗದ್ದೆಯವರು ಮಾಯ. ಆಮೇಲೆ ಇರುವುದೆಲ್ಲ ವಿಷ, ವಿಷ, ವಿಷ.

ಸೈನೈಡಿನ ವಿಚಾರ ನೋಡಿ. ಪ್ಯಾಕೆಟ್ ಉಪ್ಪು ಗಂಟು ಕಟ್ಟದೆ ಉದುರುದುರಾಗಿರಲು ಪೊಟ್ಯಾಸಿಯಂ ಫೆರೋಸೈನೈಡ್ ಅನ್ನುವ ಲವಣವನ್ನು ಹಾಕುವುದುಂಟು. ಹೆಸರಲ್ಲಿ ಸೈನೈಡ್ ಇದೆ, ಲೇಖಕರಿಗೆ ಅಷ್ಟು ಸಾಕು. ಅದರೊಳಗಿನ ಸೈನೈಡನ್ನು ಕಬ್ಬಿಣ ಬಿಗಿಯಾಗಿ ಹಿಡಿದಿರುತ್ತದೆ, ಹೊಟ್ಟೆಗೆ ಹೋದ ಮಾತ್ರಕ್ಕೆ ಬಿಟ್ಟುಕೊಡುವುದಿಲ್ಲ. ಲೆಕ್ಕವನ್ನೂ ಮಾಡೋಣ. ನಮ್ಮ ದೇಶದ ಮಿತಿ ಒಂದು ಕಿಲೋ ಉಪ್ಪಿಗೆ 10 ಮಿಲಿಗ್ರಾಂ. ದಿನಕ್ಕೆ 10 ಗ್ರಾಂ ಉಪ್ಪು ತಿಂದರೂ (ತಿನ್ನಬಾರದು, ವಿಶ್ವ ಆರೋಗ್ಯ ಸಂಸ್ಥೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ) ಒಳಗೆ ಹೋಗುವುದು ಹೆಚ್ಚೆಂದರೆ 0.1 ಮಿಲಿಗ್ರಾಂ. 60 ಕಿಲೋ ತೂಕದವರು ದಿನವೂ ತಿಂದರೂ ತೊಂದರೆಯಿಲ್ಲ ಅಂತ ಅಂತರರಾಷ್ಟ್ರೀಯ ತಜ್ಞರ ಸಮಿತಿ ಹೇಳಿರುವ ಮಿತಿ 1.5 ಮಿಲಿಗ್ರಾಂ, ಅಂದರೆ ಅದರ ಹದಿನೈದು ಪಟ್ಟು. ಎಷ್ಟು ಹಾಕುತ್ತಾರೆ ಅನ್ನುವ ಅಂಕಿ ಇಡೀ ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ.

ಆಮೇಲೆ ಮನೆಯಲ್ಲೇ ಮಾಡಿ ನೋಡಿ ಅಂತ ಒಂದು ಪ್ರಯೋಗ. ಹೆಚ್ಚಿದ ಆಲೂಗಡ್ಡೆಗೆ ಉಪ್ಪು ಸವರಿ ನಿಂಬೆರಸ ಹಿಂಡಿ, ನೀಲಿಯಾದರೆ ಅದು ವಿಷವಂತೆ! ಇದನ್ನು ಓದಿ ನನಗೆ ನಗು ತಡೆಯಲಾಗಲಿಲ್ಲ. ನಿಂಬೆರಸ ಬಿದ್ದಾಗ ಉಪ್ಪಿನಲ್ಲಿರುವ ಅಯೋಡೇಟಿನಿಂದ (ಉಪ್ಪಿಗೆ ಅಯೋಡಿನ್ ಸೇರಿಸುವುದು ಈ ಲವಣದ ರೂಪದಲ್ಲೇ) ಅಯೋಡಿನ್ ಹೊರಬರುತ್ತದೆ, ಆಲೂಗಡ್ಡೆಯ ಪಿಷ್ಟ ಸಿಕ್ಕರೆ ನೀಲಿಯಾಗುತ್ತದೆ. ಆಶಾ ಕಾರ್ಯಕರ್ತೆಯರ ಉಪ್ಪು ಪರೀಕ್ಷೆಯ ಕಿಟ್ಟಿನಲ್ಲೂ ನಡೆಯುವುದು ಇದೇ. ನೀಲಿಯಾದರೆ ಉಪ್ಪಿನಲ್ಲಿ ಅಯೋಡಿನ್ ಇದೆ, ಒಳ್ಳೆಯದು ಅಂತ ಅವರು ಬರೆದುಕೊಳ್ಳುತ್ತಾರೆ. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದನ್ನೇ ಲೇಖಕರು ಪತ್ತೇದಾರಿ ಮಾಡಿ ಕಂಡುಹಿಡಿದಿದ್ದಾರೆ.

ಇಷ್ಟೇ ಆಗಿದ್ದರೆ ತಪ್ಪು ತಿಳಿವಳಿಕೆ ಅಂತ ಬಿಡಬಹುದಿತ್ತು. ಕಾಂಗ್ರಾ ಕಣಿವೆಯ ಅಧ್ಯಯನದ ಬಗ್ಗೆ ಒಂದು ಸಾಲೂ ಇಲ್ಲದಿರುವುದನ್ನು ಮಾತ್ರ ಹಾಗೆ ಬಿಡಲಾರೆ. ಹಿಮಾಚಲದ ಆ ಕಣಿವೆಯಲ್ಲಿ ಗಳಗಂಡ, ಅಂದರೆ ಕುತ್ತಿಗೆ ಮುಂದೆ ಗಡ್ಡೆಯಂತೆ ಊದಿಕೊಳ್ಳುವ ಕಾಯಿಲೆ, ಮನೆಮನೆಯಲ್ಲಿ ಕಾಣುತ್ತಿತ್ತು. ಅಯೋಡಿನ್ ಸಾಲದಿದ್ದರೆ ಬರುವ ಕಾಯಿಲೆ ಅದು, ಬೆಟ್ಟದ ಸೀಮೆಯ ಮಣ್ಣಿನಿಂದ ಮಳೆ, ಹಿಮ ಅಯೋಡಿನ್ ತೊಳೆದೊಯ್ಯುತ್ತವೆ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು 1956ರಲ್ಲಿ ಆ ಪ್ರದೇಶವನ್ನು ಮೂರು ವಲಯ ಮಾಡಿದರು. ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಮಾಮೂಲಿ ಉಪ್ಪು. ಐದಾರು ವರ್ಷ ಕಾದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಅರ್ಧಕ್ಕಿಳಿಯಿತು. ಮಾಮೂಲಿ ಉಪ್ಪಿನ ವಲಯದಲ್ಲಿ ಇಳಿಯಲೇ ಇಲ್ಲ. ಆಮೇಲೆ ಅಲ್ಲಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು.

ಆ ಮಾಮೂಲಿ ಉಪ್ಪಿನ ವಲಯ ಯಾಕೆ ಮುಖ್ಯ ಗೊತ್ತೇ? ಅಲ್ಲೂ ಗಳಗಂಡ ತಾನಾಗಿಯೇ ಕಡಿಮೆಯಾಗಿದ್ದರೆ ರಾಮಲಿಂಗಸ್ವಾಮಿಯವರ ಮಾತು ಬಿದ್ದುಹೋಗುತ್ತಿತ್ತು. ಸೋಲಲು ದಾರಿ ಬಿಟ್ಟುಕೊಂಡೇ ಅವರು ಆಟಕ್ಕಿಳಿದರು. ನಮ್ಮ ಲೇಖಕರಿಗೆ ಅಂಥ ಯಾವ ವಲಯವೂ ಇಲ್ಲ. ವೈದ್ಯರು ಹೌದೆಂದರೆ ಸಾಕ್ಷಿ, ಅಲ್ಲವೆಂದರೆ ಕಂಪನಿಯ ದುಡ್ಡು ತಿಂದವರು. ಸರ್ಕಾರ ಉತ್ತರ ಕೊಟ್ಟರೆ ಸಂಚು, ಕೊಡದಿದ್ದರೆ ಇನ್ನೂ ದೊಡ್ಡ ಸಂಚು. ಯಾವ ಫಲಿತಾಂಶ ಬಂದರೆ ಅವರು ತಪ್ಪು ಒಪ್ಪಿಕೊಳ್ಳುತ್ತಾರೆ ಅಂತ ಹುಡುಕಿದೆ. ಸಿಗಲಿಲ್ಲ.

ಇಸವಿಗಳೂ ಅವರ ಕಡೆಗಿಲ್ಲ. ಸ್ವಿಟ್ಜರ್ಲೆಂಡಿನವರು 1922ರಲ್ಲಿ, ಅಮೆರಿಕದ ಮಿಷಿಗನ್ನಿನವರು 1924ರಲ್ಲಿ ತಾವೇ ಅಯೋಡಿನ್ ಉಪ್ಪು ತಿನ್ನಲು ಶುರು ಮಾಡಿದರು. ನಮ್ಮಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದದ್ದು 1962ರಲ್ಲಿ, ಪ್ಯಾಕೆಟ್ ಉಪ್ಪಿನ ದೊಡ್ಡ ಬ್ರಾಂಡ್ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಸಂಚು ಮಾಡಿದವರು ಇಪ್ಪತ್ತು ವರ್ಷ ಅಂಗಡಿ ತೆರೆಯದೆ ಕೂತಿದ್ದರೇ? ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದು ಅನ್ನುವ ನಿಷೇಧವನ್ನು ಕೇಂದ್ರ ಸರ್ಕಾರ 2000ದಲ್ಲಿ ತಾನೇ ತೆಗೆದು 2006ರಲ್ಲಿ ಮತ್ತೆ ತಂದಿತು. ಎಲ್ಲರೂ ಕಂಪನಿಗಳ ಜೇಬಿನಲ್ಲಿದ್ದರೆ ನಡುವೆ ಆರು ವರ್ಷ ಬಿಟ್ಟುಕೊಟ್ಟದ್ದು ಯಾಕೆ?

ಸುಪ್ರೀಂ ಕೋರ್ಟಿನ 2011ರ ತೀರ್ಪನ್ನು ಪುಸ್ತಕ ದೊಡ್ಡದಾಗಿ ಎತ್ತಿ ಹಿಡಿಯುತ್ತದೆ. ನಿಜ, ಆ ನಿಯಮ ಮಾಡಲು ಆಹಾರ ಕಲಬೆರಕೆ ತಡೆ ಕಾಯ್ದೆಯಡಿ ಅಧಿಕಾರವಿಲ್ಲ ಅಂತ ಕೋರ್ಟ್ ಹೇಳಿತು. ಅಯೋಡಿನ್ ವಿಷ ಅಂತ ಹೇಳಲಿಲ್ಲ. ನಿಯಮವನ್ನು ಆ ಕ್ಷಣಕ್ಕೇ ಕಿತ್ತುಹಾಕಲೂ ಇಲ್ಲ, ಸರ್ಕಾರಕ್ಕೆ ಆರು ತಿಂಗಳು ಕಾಲಾವಕಾಶ ಕೊಟ್ಟಿತು. ಈ ಎರಡನೇ ಅರ್ಧ ಪುಸ್ತಕದಲ್ಲಿಲ್ಲ. ನನ್ನ ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಸಮೀಕರಣದ ಒಂದೇ ಬದಿ ಬರೆದರೆ ನಾನು ಸೊನ್ನೆ ಕೊಡ್ತೀನಿ.

ಇನ್ನು ಕೊನೆಯ ಪುಟ. ಅಲ್ಲಿ ಶುದ್ಧ ಸೈಂಧವ ಲವಣ ಬೇಕಾದವರು ಸಂಪರ್ಕಿಸಿ ಅಂತ ಫೋನ್ ನಂಬರ್! ಕಂಪನಿಯವರು ಲಾಭಕ್ಕಾಗಿ ಉಪ್ಪು ಮಾರುತ್ತಾರೆ ಅಂತ ಪುಸ್ತಕದುದ್ದಕ್ಕೂ ಕಿಡಿಕಾರಿದವರು ಅದಕ್ಕಿಂತ ಎಷ್ಟೋ ಪಟ್ಟು ಬೆಲೆಗೆ ಉಪ್ಪನ್ನೇ ಮಾರುತ್ತಿದ್ದಾರೆ. ಸ್ವದೇಶಿ ಅನ್ನುವ ಮಾತು ಬೇರೆ. ನಮ್ಮಲ್ಲಿ ಮಾರಾಟವಾಗುತ್ತಿದ್ದ ಸೈಂಧವ ಲವಣದ ಬಹುಪಾಲು ಪಾಕಿಸ್ತಾನದ ಗಣಿಗಳದು ಅನ್ನೋದನ್ನ ದೊಡ್ಡವ್ವನಿಗೆ ಹೇಳಿದೆ. ನನ್ನ ರಸಾಯನಶಾಸ್ತ್ರಕ್ಕಿಂತ ಇದು ಚೆನ್ನಾಗಿ ನಾಟಿತು.

ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು, ಬೇರೆಯವರಿಗೆ 150. ಸಾಲದೆ ಹೋದರೆ ತೊಂದರೆ ತಾಯಿಯ ಕುತ್ತಿಗೆಗಷ್ಟೇ ಅಲ್ಲ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಗೂ. ಸಮುದ್ರದ ಕಲ್ಲುಪ್ಪಿನಲ್ಲಿ ಅಯೋಡಿನ್ ಇದ್ದೇ ಇರುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ, ಇರುವುದು ತೀರಾ ಅತ್ಯಲ್ಪ. ಥೈರಾಯ್ಡ್ ತೊಂದರೆಗೆ ಈಗಾಗಲೇ ಮಾತ್ರೆ ತಗೊಳ್ಳೋರು ತಮ್ಮ ಡಾಕ್ಟರನ್ನು ಕೇಳಲಿ, ಫೇಸ್‌ಬುಕ್ಕನ್ನಲ್ಲ.

ದೊಡ್ಡವ್ವನ ಜೊತೆ ಮಾತಾಡ್ತಾ ಮಾತಾಡ್ತಾ ಗೊತ್ತಾಯ್ತು, ಅವರ ಸಿಟ್ಟು ಇರುವುದು ಪುಡಿ ಉಪ್ಪಿನ ಮೇಲೆ. ಸಾರಿಗೆ ಕಲ್ಲುಪ್ಪೇ ಬೀಳಬೇಕು, ಪುಡಿ ಉಪ್ಪಿನ ಹದ ಕೈಗೆ ಸಿಗಲ್ಲ. ಅಯೋಡಿನ್ ಸೇರಿಸಿದ ಕಲ್ಲುಪ್ಪೂ ಅಂಗಡಿಯಲ್ಲಿ ಸಿಗುತ್ತೆ ಅಂತ ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ತಂದುಕೊಟ್ಟೆ. ಈಗ ಅದೇ ಹಾಕ್ತಿದ್ದಾರೆ, ಸೊಸೆಯೂ ಅದನ್ನೇ ತಿಂತಿದ್ದಾಳೆ. "ಆದ್ರೂ ಆ ಕಂಪ್ನಿಯೋರು ಕಳ್ರೇಯಾ ಕಣವ್ವ" ಅನ್ನೋದನ್ನ ಮಾತ್ರ ಬಿಟ್ಟಿಲ್ಲ.