ಮನೆ ಮಾರಿದರೆ ಮಿಗುವುದೆಷ್ಟು ಮಾರಾಯ್ರೇ?

ಕಾಸರಗೋಡಿನ ಬದಿಯಡ್ಕದಲ್ಲಿ ಬಸ್ಸು ಹತ್ತುವಾಗ ಸೆಂಟ್ಸಿಗೆ ಮೂರು ಲಕ್ಷ ಇದ್ದ ಜಾಗ ಸೀತಾಂಗೋಳಿಯಲ್ಲಿ ನಾಲ್ಕಾಗಿ, ಕುಂಬಳೆ ಪೇಟೆಯಲ್ಲಿ ಇಳಿಯುವಷ್ಟರಲ್ಲಿ ಐದಾಗಿರುತ್ತದೆ. ಮಾರಿದ್ದು ಯಾರು, ಕೊಂಡದ್ದು ಯಾರು ಎಂದು ಕೇಳಿ ನೋಡಿ. ಹೆಸರು ಒಬ್ಬರಿಗೂ ಗೊತ್ತಿಲ್ಲ, ರೇಟು ಮಾತ್ರ ಎಲ್ಲರಿಗೂ ಗೊತ್ತು.

ಮಾರಲು ಹೊರಟವರ ಲೆಕ್ಕ ಹುಟ್ಟುವುದು ಈ ಬಸ್ಸಿನಲ್ಲೇ. ಆಧಾರದಲ್ಲಿ, ಅಂದರೆ ಜಾಗದ ನೋಂದಾಯಿತ ಪತ್ರದಲ್ಲಿ, 12 ಸೆಂಟ್ಸ್ ಇದೆ, ನಾಲ್ಕರ ಹಾಗೆ ಹಿಡಿದರೂ 48 ಲಕ್ಷ. ಅಪ್ಪ ಕಟ್ಟಿಸಿದ ಹಂಚಿನ ಮನೆಗೆ ಕನಿಷ್ಠ 10. ಒಟ್ಟು 58. ರಾತ್ರಿ ಊಟ ಮುಗಿಯುವ ಮೊದಲು ಆ 58 ಖರ್ಚೂ ಆಗಿರುತ್ತದೆ: ಮಂಗಳೂರಿನಲ್ಲಿ ಫ್ಲ್ಯಾಟು, ಮಗನಿಗೆ ಕಾರು, ಉಳಿದದ್ದು ಎಫ್.ಡಿ.

ಮರುವಾರ ಗಿರಾಕಿ ಸರ್ವೆಯವರನ್ನು ಕರಕೊಂಡು ಬರುತ್ತಾನೆ. ಟೇಪು ಹಿಡಿದರೆ ಸಿಗುವುದು 11.5. ಉಳಿದ ಅರ್ಧ ಸೆಂಟ್ಸ್ ಎಲ್ಲಿ? ಪಂಚಾಯತ್ ರಸ್ತೆ ಅಗಲ ಮಾಡುವಾಗ ಅಪ್ಪ ಸಂತೋಷದಿಂದ ಬಿಟ್ಟುಕೊಟ್ಟಿದ್ದರು, ಕಡತಕ್ಕೆ ಹೇಳಲು ಮರೆತಿದ್ದರು. ಅಲ್ಲಿಗೆ 2 ಲಕ್ಷ ಹೋಯಿತು. ವಿಲ್ಲೇಜ್ ಆಫೀಸಿನ ತೀರ್ವೆ (ಭೂಕಂದಾಯ) ರಶೀದಿಯಲ್ಲಿ ವಿಸ್ತೀರ್ಣ ಇರುವುದು ಆರ್ ಲೆಕ್ಕದಲ್ಲಿ. ಒಂದು ಆರ್ ಎಂದರೆ 2.47 ಸೆಂಟ್ಸ್. ರೇಟು ಮಾತಾಡುವ ಮೊದಲು ರಶೀದಿ, ಆಧಾರ, ಟೇಪು ಮೂರನ್ನೂ ಒಂದೇ ಅಳತೆಗೆ ತಂದು ನೋಡಬೇಕು. ಡಿಜಿಟಲ್ ಮರುಸರ್ವೆ ಮುಗಿದ ಗ್ರಾಮಗಳಲ್ಲಂತೂ ಗಡಿ ಕಂಪ್ಯೂಟರಿಗೆ ಬಂದಿರುತ್ತದೆ, ದಾಕ್ಷಿಣ್ಯಕ್ಕೆ ಅಲ್ಲಿ ಜಾಗವಿಲ್ಲ.

ಇನ್ನು ಮನೆ. ಮಾರುವವರು ಮುರಕಲ್ಲಿನ ಗೋಡೆ ತಟ್ಟಿ ತೋರಿಸುತ್ತಾರೆ, ಹಿತ್ತಿಲ ಸುರಂಗದಲ್ಲಿ ಏಪ್ರಿಲಿನಲ್ಲೂ ನೀರು ಬತ್ತುವುದಿಲ್ಲ ಎನ್ನುತ್ತಾರೆ. ಗಿರಾಕಿ ಎಲ್ಲದಕ್ಕೂ ತಲೆಯಾಡಿಸಿ, "ಒಳ್ಳೆದುಂಟು. ಕೆಡವಲಿಕ್ಕೆ ಜೆಸಿಬಿಗೆ ಎಷ್ಟಾದೀತು?" ಎಂದು ಕೇಳುತ್ತಾನೆ. ಹಳೆ ಮನೆಯನ್ನು ಗಿರಾಕಿ ಆಸ್ತಿಯ ಪಟ್ಟಿಯಲ್ಲಿ ಬರೆಯುವುದಿಲ್ಲ, ಖರ್ಚಿನ ಪಟ್ಟಿಯಲ್ಲಿ ಬರೆಯುತ್ತಾನೆ. ಎಳೆದಾಡಿ ಅದಕ್ಕೆ 4 ಲಕ್ಷ ಸಿಕ್ಕಿತೆಂದು ಇಟ್ಟುಕೊಳ್ಳೋಣ. 46 ಮತ್ತು 4 ಸೇರಿ 50. ತೋರಿಸುವ ಮೊದಲು 60 ಸಾವಿರ ಸುರಿದು ಬಳಿದ ಪೇಂಟು ಜೆಸಿಬಿಗೆ ಅರ್ಪಣೆ.

ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2. ವಾಡಿಕೆಯಂತೆ ಇದು ಕೊಳ್ಳುವವನ ತಲೆಮೇಲೆ. ಮಾರುವವರು ನೆಮ್ಮದಿಯಿಂದ ಕಾಲು ಚಾಚುವುದು ಇಲ್ಲೇ, ಎಡವುವುದೂ ಇಲ್ಲೇ. "ಆಧಾರದಲ್ಲಿ 30 ತೋರಿಸುವ, 20 ಕೈಯಲ್ಲಿ ಕೊಡ್ತೇನೆ" ಎನ್ನುತ್ತಾನೆ ಗಿರಾಕಿ. ಅವನಿಗೆ ಉಳಿಯುವುದು 2 ಲಕ್ಷ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ, ಅದೂ ಪಡೆದವರಿಗೆ. ಅವನ 2 ಲಕ್ಷದ ಉಳಿತಾಯಕ್ಕೆ ನಿಮ್ಮ 20 ಲಕ್ಷ ಜಾಮೀನು! ಸರಕಾರ ಜಾಗಕ್ಕೆ ನಿಗದಿ ಮಾಡಿದ ನ್ಯಾಯಬೆಲೆಗಿಂತ ತೀರಾ ಕಡಿಮೆ ತೋರಿಸಿದರೆ ಆದಾಯ ತೆರಿಗೆಯವರು ನ್ಯಾಯಬೆಲೆಯನ್ನೇ ನಿಮ್ಮ ಮಾರಾಟ ಬೆಲೆ ಎಂದು ಹಿಡಿಯುತ್ತಾರೆ. ಶೇ. 10ರವರೆಗಿನ ವ್ಯತ್ಯಾಸಕ್ಕೆ ಮಾತ್ರ ಮಾಫಿ.

ಬ್ರೋಕರ್ ಶೇ. 2 ಕೇಳಿದರೆ 1 ಲಕ್ಷ. ಅವರಿಗೆ ನಗದೇ ಇಷ್ಟ, ರಶೀದಿ ಎಂದರೆ ಮುಖ ಬಾಡುತ್ತದೆ. ಬಾಡಲಿ. ಈ ಖರ್ಚನ್ನು ಲಾಭದಿಂದ ಕಳೆಯಲು ಪುರಾವೆ ಬೇಕು. ಬ್ಯಾಂಕಿನಲ್ಲಿ ಹಾಕಿ ರಶೀದಿ ಇಟ್ಟುಕೊಳ್ಳದಿದ್ದರೆ ಕೆಳಗಿನ ಲೆಕ್ಕದಲ್ಲಿ 20,800 ರೂಪಾಯಿ ತೆರಿಗೆ ಹೆಚ್ಚಾಗುತ್ತದೆ. ಪೇಂಟಿನ ಬಿಲ್ ಎಷ್ಟು ಜೋಪಾನ ಮಾಡಿದರೂ ಪ್ರಯೋಜನವಿಲ್ಲ. ಕೋಣೆ ಕಟ್ಟಿಸಿದ್ದರೆ, ಸ್ಲಾಬ್ ಹಾಕಿಸಿದ್ದರೆ ಅದರ ಬಿಲ್ಲಿಗೆ ಬೆಲೆ ಉಂಟು.

ಸಾಲವಿದ್ದರೆ ಪಾಸ್‌ಬುಕ್ಕಿನ ಬಾಕಿ ನೋಡಿ ಕಳೆಯಬೇಡಿ. ಬಡ್ಡಿ ದಿನಲೆಕ್ಕದಲ್ಲಿ ಓಡುತ್ತಿರುತ್ತದೆ, ತಾರೀಕು ಹಾಕಿದ ಮುಕ್ತಾಯದ ಸ್ಟೇಟ್‌ಮೆಂಟೇ ಕೇಳಿ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅವಧಿಗೆ ಮೊದಲು ತೀರಿಸಿದ ದಂಡ ಇಲ್ಲ. ತೀರಿಸಿದ 30 ದಿನದೊಳಗೆ ಬ್ಯಾಂಕು ಮೂಲ ಆಧಾರ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಈ 30 ದಿನವನ್ನು ಎಗ್ರಿಮೆಂಟಿನ ವಾಯಿದೆಯೊಳಗೆ ಸೇರಿಸದವರು ಮುಂಗಡ ಪಡೆದೂ ಆಧಾರವಿಲ್ಲದೆ ಗಿರಾಕಿಯ ಫೋನಿಗೆ ಹೆದರಿ ಕೂರಬೇಕಾಗುತ್ತದೆ.

ಈಗ ತೆರಿಗೆ. ಭಾಗಪತ್ರದಲ್ಲಿ ಬಂದ ಅಪ್ಪನ ಮನೆ ನಿಮಗೆ ಪುಕ್ಕಟೆ ಬಂದರೂ ಲೆಕ್ಕಕ್ಕೆ ಹಿಡಿಯುವುದು ಅಪ್ಪನ ಖರ್ಚನ್ನೇ. 2001ರ ಏಪ್ರಿಲ್ 1ಕ್ಕಿಂತ ಹಳೆಯದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಕೇರಳದ ನ್ಯಾಯಬೆಲೆ ಪಟ್ಟಿ ಜಾರಿಗೆ ಬಂದದ್ದೇ 2010ರಲ್ಲಿ, ಆದ್ದರಿಂದ ನೋಂದಾಯಿತ ವ್ಯಾಲ್ಯುವರ್ ಬರೆದುಕೊಟ್ಟ ವರದಿ ಬೇಕು. ಅವರು 7 ಲಕ್ಷ ಎಂದರೆನ್ನಿ. ಇಂಡೆಕ್ಸ್ (ಹಣದುಬ್ಬರಕ್ಕೆ ತಕ್ಕಂತೆ ಹಳೆ ಬೆಲೆ ಏರಿಸುವುದು) ಇಲ್ಲದ ದಾರಿಯಲ್ಲಿ 50ರಿಂದ ಕಮಿಷನ್ 1, ಬೆಲೆ 7 ಕಳೆದು 42 ಲಕ್ಷ ಲಾಭ, ಶೇ. 12.5, ಮೇಲೆ ಶೇ. 4 ಸೆಸ್, ಒಟ್ಟು 5,46,000. ಇಂಡೆಕ್ಸ್ ದಾರಿಯಲ್ಲಿ, 2025-26ರಲ್ಲಿ ಮಾರಿದರೆ ಸೂಚ್ಯಂಕ 2001-02ರ 100ಕ್ಕೆ 376, ಹಾಗಾಗಿ 7 ಲಕ್ಷ 26.32 ಆಗುತ್ತದೆ. ಲಾಭ 22.68 ಲಕ್ಷ, ಶೇ. 20 ಮತ್ತು ಸೆಸ್ ಸೇರಿ 4,71,744. 2024ರ ಜುಲೈ 23ಕ್ಕೆ ಮೊದಲೇ ಕೈಗೆ ಬಂದ ಆಸ್ತಿಗೆ, ಇಲ್ಲಿ ವಾಸಿಸುವ ವ್ಯಕ್ತಿಗೆ, ಎರಡರಲ್ಲಿ ಕಡಿಮೆಯದ್ದು ಸಾಕು. ಎರಡನ್ನೂ ಮಾಡಿ ನೋಡಿ. "ಹನ್ನೆರಡೂವರೆ ಸಣ್ಣದಲ್ವಾ" ಎಂದವರು ಇಲ್ಲಿ 74 ಸಾವಿರ ಚಿಲ್ಲರೆ ದಾನ ಮಾಡಿದಂತೆ.

50 ಲಕ್ಷ ಮುಟ್ಟಿತೆಂದರೆ ಗಿರಾಕಿ ಶೇ. 1 ಟಿಡಿಎಸ್ ಹಿಡಿದೇ ಕೊಡಬೇಕು. ಅದು ಖರ್ಚಲ್ಲ, ಮುಂಗಡ ಕಟ್ಟಿದ ತೆರಿಗೆ. ಅವನು ಪ್ಯಾನ್ ನಂಬರಿನಲ್ಲಿ ಒಂದಕ್ಷರ ತಪ್ಪಿದರೆ ನಿಮ್ಮ 50,000 ಯಾವನೋ ಅಪರಿಚಿತನ ಖಾತೆಗೆ ಪುಣ್ಯವಾಗಿ ಸೇರುತ್ತದೆ. ಮನೆ ದುಬೈಯಲ್ಲಿರುವ ತಮ್ಮನ ಹೆಸರಲ್ಲಿದ್ದರೆ ಬೇರೆಯೇ ಕಥೆ. ಅನಿವಾಸಿಗೆ ಇಂಡೆಕ್ಸ್ ಆಯ್ಕೆಯಿಲ್ಲ, 50 ಲಕ್ಷದ ಮಿತಿಯೂ ಇಲ್ಲ. ಆದಾಯ ತೆರಿಗೆಯವರಿಂದ ಕಡಿಮೆ ಕಡಿತದ ಸರ್ಟಿಫಿಕೇಟ್ ಮೊದಲೇ ಮಾಡಿಸದಿದ್ದರೆ ಗಿರಾಕಿ ಹೆದರಿ ಪೂರ್ತಿ ಬೆಲೆಯ ಮೇಲೆಯೇ ಹಿಡಿಯುತ್ತಾನೆ, ಅಂದರೆ 6.5 ಲಕ್ಷ. ರಿಟರ್ನ್ ಹಾಕಿ ವಾಪಸು ಬರುವವರೆಗೆ ತಮ್ಮ ಅಣ್ಣನ ಫೋನೆತ್ತುವುದಿಲ್ಲ. ಮನೆಯ ಜೊತೆ ಅಡಿಕೆ ತೋಟವೂ ಇದ್ದರೆ ಎರಡರ ಬೆಲೆಯನ್ನು ಆಧಾರದಲ್ಲಿ ಬೇರೆ ಬೇರೆ ಬರೆಸಿ. ನಗರಸಭೆಯಿಂದ ದೂರದ ಹಳ್ಳಿಯ ಕೃಷಿಭೂಮಿಗೆ ಈ ತೆರಿಗೆಯೇ ಇಲ್ಲ. ಆಧಾರ ಬರೆಯುವವರು ಎರಡಕ್ಕೂ ಸೇರಿಸಿ ಒಂದೇ ಅಂಕಿ ಗೀಚಿದರೆ ಅಡಿಕೆ ಮರಕ್ಕೂ ತೆರಿಗೆ ಕಟ್ಟುವ ಯೋಗ.

ಹೀಗೆ 50ರಿಂದ ಕಮಿಷನ್ 1, ಸಾಲ 9 ಎಂದಿಟ್ಟರೆ 9, ತೆರಿಗೆ 4,71,744, ಪೇಂಟು 60,000. ಮಿಗುವುದು 34,68,256. ಇ.ಸಿ. (ಜಾಗದ ಋಣಭಾರ ತೋರಿಸುವ ಪತ್ರ), ಕೈವಶ (ಸ್ವಾಧೀನದ) ಸರ್ಟಿಫಿಕೇಟ್, ಆಧಾರದಲ್ಲೊಂದು ಆಧಾರ್ ಕಾರ್ಡಿನಲ್ಲೊಂದು ಹೆಸರಿದ್ದವರಿಗೆ ಇಬ್ಬರೂ ಒಬ್ಬರೇ ಎನ್ನುವ ಸರ್ಟಿಫಿಕೇಟ್, ಇವುಗಳ ಓಡಾಟ ಬೇರೆ.

ತೆರಿಗೆ ಉಳಿಸಲು ದಾರಿಯುಂಟು. ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಬಹುದು, ಮೂರು ವರ್ಷದೊಳಗೆ ಕಟ್ಟಿಸಬಹುದು. ರಿಟರ್ನಿನ ಗಡುವಿನೊಳಗೆ ಖರ್ಚಾಗದ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಬೇಕು, ಮಾಮೂಲಿ ಎಸ್.ಬಿ. ಖಾತೆ ಆಗದು. ಮನೆ ಬೇಡವಾದರೆ ಆರು ತಿಂಗಳೊಳಗೆ ನಿಗದಿತ ಬಾಂಡು, ಮಿತಿ 50 ಲಕ್ಷ, ಐದು ವರ್ಷ ಮುರಿಯುವಂತಿಲ್ಲ. ಈ ಬಾಂಡಿನ ಬಡ್ಡಿ ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಮಾರಾಟದ ಸುದ್ದಿ ಕೇಳಿ, "ಭಾವಾ, ಒಂದೆರಡು ಲಕ್ಷ ಕೈಸಾಲ ಸಿಕ್ಕೀತಾ?" ಎಂದು ಪೆರ್ಲದಿಂದ ಹೊರಟು ಬಂದವನಿಗೆ ಹೇಳಲು ಇದಕ್ಕಿಂತ ಮರ್ಯಾದೆಯ ಉತ್ತರ ಬೇರೆ ಸಿಗಲಾರದು.